ಮೊಂಡೆ ಬಿಟ್ಟುಹೋದ ಹುದುಗು

ಸೋಮವಾರ ಬೆಳಿಗ್ಗೆ ಶಾಲೆಗೆ ಹೋಗುವ ಮಕ್ಕಳು ಎಂದಿನಂತೆ ಜಗಳವಾಡುತ್ತ ಬೀದಿಯಲ್ಲಿ ಸಾಗಿದರು. ಆ ಸದ್ದಿಗೆ ಬುಲೆಲ್ವಾ ಕಣ್ಣು ಬಿಟ್ಟಳು.

ಅಂಗಳದ ಶಾಮಿಯಾನ ಬಿಚ್ಚಿ ಆಗಿತ್ತು. ಬಾಡಿಗೆ ಕುರ್ಚಿಗಳು ಹೋಗಿದ್ದವು. ಅಕ್ಕಪಕ್ಕದ ಹೆಂಗಸರು ತಂದಿದ್ದ ಮೂರು ಕಾಲಿನ ಕರಿ ಹಂಡೆಗಳೂ ತಂತಮ್ಮ ಮನೆ ಸೇರಿದ್ದವು. ಶನಿವಾರ ಮಣ್ಣು ಮಾಡಿ ಬಂದಿದ್ದ ಗಂಡ ಮೊಂಡೆಯೊಬ್ಬನನ್ನು ಬಿಟ್ಟು ಉಳಿದದ್ದೆಲ್ಲ ಮೊದಲಿನಂತೆಯೇ ಇತ್ತು.

ಬಂದರಿನ ಕೆಲಸ ಮುಗಿಸಿ ಮನೆಗೆ ಬರುತ್ತಿದ್ದ ಮೊಂಡೆಯ ವ್ಯಾನು ಸೇತುವೆಯ ತಿರುವಿನಲ್ಲಿ ಮಗುಚಿತ್ತು. ಕ್ವಾಝಕೆಲೆ ಬಡಾವಣೆಯ ಅರ್ಧ ಜನ ಬಂದು ಅತ್ತು ಹೋದರು.

ಬುಲೆಲ್ವಾ ಮಾತ್ರ ಅಳಲಿಲ್ಲ.

ಗುಂಡಿಯ ಅಂಚಿನಲ್ಲಿ ನಿಂತಾಗಲೂ ಕಣ್ಣು ಒಣಗಿಯೇ ಇತ್ತು. ಓದಿದ ಹುಡುಗಿ, ಕಣ್ಣೀರನ್ನೂ ಅಳೆದು ಸುರಿಸುತ್ತಾಳೆ ಎಂದು ದೂರದ ಅತ್ತೆಯೊಬ್ಬಳು ಅಂದದ್ದು ಅವಳ ಕಿವಿಗೆ ಬಿದ್ದಿತ್ತು. ಆ ಮಾತೂ ನೋಯಿಸಲಿಲ್ಲ. ಏನೂ ನೋಯಿಸುತ್ತಿರಲಿಲ್ಲ...

ಕರಿ ಉಡುಪು ತೊಟ್ಟು, ಕರಿ ವಸ್ತ್ರವನ್ನು ತಲೆಗೆ ಬಿಗಿದು ಅಡುಗೆಮನೆಗೆ ಬಂದಳು. ಅತ್ತೆ ಮಾಂಬೆಲೆ ಮೊಳಕೆ ಜೋಳದ ಹಿಟ್ಟನ್ನು ಬಕೆಟ್ಟಿನಲ್ಲಿ ಕಲಸುತ್ತಿದ್ದಳು. ಬರುವ ಶನಿವಾರ ಸಲಿಕೆ ತೊಳೆಯುವ ದಿನ. ಗುಂಡಿ ತೋಡಿದ ಸಲಿಕೆಗಳನ್ನು ತೊಳೆದು, ತೋಡಿದ ಗಂಡಸರಿಗೆ ಮನೆಯಲ್ಲೇ ಮಾಡಿದ ಜೋಳದ ಬಿಯರ್ ಕುಡಿಸಿ ಕಳಿಸಬೇಕು. ಅಲ್ಲಿಯವರೆಗೆ ಆ ಮಣ್ಣು ಮನೆಯಲ್ಲೇ ಇರುತ್ತದೆ.

"ಮಕೋಟಿ," ಎಂದಳು ಅತ್ತೆ. ಮದುವೆಯಾಗಿ ಬಂದ ದಿನದಿಂದ ಸೊಸೆಯನ್ನು ಅವಳು ಕರೆಯುತ್ತಿದ್ದದ್ದು ಹಾಗೆಯೇ. "ಗರಾಜಲ್ಲಿ ಉಳಿದ ಮಾಂಸ ಎಷ್ಟಿದೆ ನೋಡು, ಹೋಗು."

ಗರಾಜಿನ ಬಾಗಿಲು ತೆರೆದಿತ್ತು. ಒಳಗೆ ಯಾರೋ ಇದ್ದರು!

ಎತ್ತರದ ಗಂಡಸು. ಫ್ರೀಜರಿನ ಮುಚ್ಚಳವನ್ನು ತಲೆಯಿಂದ ಎತ್ತಿ ಹಿಡಿದು, ಭುಜದವರೆಗೆ ಒಳಗೆ ಬಾಗಿದ್ದ. ನೆಲದ ಮೇಲೆ ಹಳೆ ಪತ್ರಿಕೆ ಹಾಸಿ, ಕುರಿ ಮಾಂಸದ ಪೊಟ್ಟಣಗಳನ್ನು ಹೊರಗೆ ಪೇರಿಸಿದ್ದ. ಅವನ ಹಿಂದೆ ಗೋಡೆಗೆ ಒರಗಿಸಿದ ಸಲಿಕೆಗಳ ಮೇಲೆ ಕೆಮ್ಮಣ್ಣು ಒಣಗುತ್ತಿತ್ತು.

"ಯಾರು ನೀವು?"

ಅವನು ತಿರುಗಿದ. ಅವನ ಕಣ್ಣು ಕೆಂಪಾಗಿತ್ತು.

"ಝೋಲಿಲೆ."

ಆ ಹೆಸರು!

ಆ ಹೆಸರಿಗೊಂದು ಮುಖ ಇರುತ್ತದೆಂದು ಅವಳು ಎಂದೂ ಯೋಚಿಸಿರಲಿಲ್ಲ. ಝೋಲಿಲೆ ಹೀಗೆ ಹೇಳಿದ, ಝೋಲಿಲೆ ಹಾಗೆ ಮಾಡ್ತಾನೆ, ಈ ಶನಿವಾರ ಝೋಲಿಲೆ ಮನೆಗೆ ಹೋಗಬೇಕು... ಮನೆಯಲ್ಲೇ ಬಿಯರ್ ಮಾಡುವ ನಾಲ್ಕಾರು ಗೆಳೆಯರ ಕೂಟ ಒಂದಿತ್ತು. ಅವಳ ಶನಿವಾರಗಳನ್ನೆಲ್ಲ ತಿಂದದ್ದು ಅದು. ಅದರಲ್ಲಿ ಎಲ್ಲರಿಗಿಂತ ಹೆಚ್ಚು ತಿಂದವನು ಇವನು.

ಈ ಫ್ರೀಜರ್ ಅವಳ ತವರಿನ ಉಡುಗೊರೆ. ಕ್ರಿಸ್‌ಮಸ್ಸಿಗೆ ಇಡೀ ಕುರಿ ಹಿಡಿಯುತ್ತದೆಂದು ತಾಯಿ ಆರಿಸಿ ಕೊಡಿಸಿದ್ದಳು. ಅದರಲ್ಲಿ ಒಂದು ಕ್ರಿಸ್‌ಮಸ್ಸಿನ ಮಾಂಸವೂ ಕೂರಲಿಲ್ಲ. ಮೊಂಡೆ ಎಲ್ಲಿಂದಲೋ ಒಂದು ಪುಟ್ಟ ಡಬ್ಬಿ ತಂದ. ಫ್ರೀಜರಿನ ಪ್ಲಗ್ಗನ್ನು ಗೋಡೆಗೆ ಹಾಕದೆ ಆ ಡಬ್ಬಿಗೆ ಹಾಕಿದ. ಡಬ್ಬಿಯಿಂದ ಹೊರಟ ತೆಳು ತಂತಿಯ ತುದಿಯನ್ನು ಬಿಯರಿನ ಬಕೆಟ್ಟಿಗೆ ಅಂಟಿಸಿ, ಮೇಲೆ ಸ್ಪಂಜು ಸುತ್ತಿದ. ಬಕೆಟ್ಟು ಬಿಸಿಯಾದರೆ ಡಬ್ಬಿ ಫ್ರೀಜರಿಗೆ ಕರೆಂಟ್ ಬಿಡುತ್ತದೆ, ಹದಕ್ಕೆ ಬಂದರೆ ನಿಲ್ಲಿಸುತ್ತದೆ. ಹೆಪ್ಪುಗಟ್ಟಿಸಲೆಂದೇ ಹುಟ್ಟಿದ ಪೆಟ್ಟಿಗೆ ಹೀಗೆ ಹುದುಗು ಬರಿಸುವ ಪೆಟ್ಟಿಗೆಯಾಗಿತ್ತು.

"ಮಣ್ಣು ಇನ್ನೂ ಆರಿಲ್ಲ," ಎಂದಳು ಬುಲೆಲ್ವಾ. "ಅಷ್ಟರಲ್ಲೇ ಬಂದ್ರಾ?"

"ಮಾಂಸ ಮುಟ್ಟಲ್ಲ ಸಿಸಿ," ಎಂದ ಅವನು, ಅಕ್ಕ ಎನ್ನುವ ಗೌರವದಿಂದ. "ಅದರ ಕೆಳಗಿರೋದು ನೋಡೋಕೆ ಬಂದೆ. ಶನಿವಾರ ಊಟದ ಹೊತ್ತಲ್ಲಿ ಈ ಡಬ್ಬಿ ದೀಪ ಆರಿತ್ತು. ಯಾರಿಗೆ ಹೇಳಲಿ ಆಗ..." ಅವನು ಗೋಡೆಗೆ ನೇತುಬಿದ್ದಿದ್ದ ಡಬ್ಬಿಯನ್ನು ಮುಟ್ಟಿದ. "ಇದು ನಂದು. ಮೊಂಡೆ ಕೇಳಿ ತಗೊಂಡಿದ್ದ."

ಅವಳಿಗೆ ಕೇಳಿಸಿದ್ದು ಒಂದೇ ಮಾತು. ನಂದು.

"ಹಾಗಾದ್ರೆ ಕಿತ್ಕೊಂಡು ಹೋಗಿ. ಈಗ್ಲೇ."

ಅವನು ಬಾಗಿ, ಫ್ರೀಜರಿನ ತಳದಿಂದ ಬಿಳಿ ಬಕೆಟ್ಟನ್ನು ಅಪ್ಪಿ ಎತ್ತಿದ. ಮುಚ್ಚಳದ ಮೇಲೆ, ಹುದುಗಿನ ಗಾಳಿ ಗುಳ್ಳೆಯಾಗಿ ಹೊರಬರುವ ಗಾಜಿನ ಕೊಳವೆಯಲ್ಲಿ ನೀರು ಹೆಪ್ಪುಗಟ್ಟಿತ್ತು. ಬಕೆಟ್ಟನ್ನು ಅಲ್ಲಾಡಿಸಿದರೆ ಒಳಗೆ ಮಂಜುಗಡ್ಡೆ ಗೋಡೆಗೆ ತಾಗುವ ಮಂದ ಸದ್ದು.

"ಅವನು ಕೊನೇಗೆ ಹಾಕಿದ್ದು. ಇನ್ನೂ ಮುಗಿದಿಲ್ಲ," ಎಂದ. "ಹುದುಗು ಬದುಕಿದ್ರೆ ಮುಗಿಯುತ್ತೆ. ಅಲ್ಲೀವರೆಗೂ ಡಬ್ಬಿ ಇಲ್ಲೇ ಇರಲಿ." ಆಮೇಲೆ, ಅವಳನ್ನು ನೋಡದೆ, "ಪ್ಲಗ್ ಕಿತ್ತು ಗೋಡೆಗೆ ಹಾಕಿದ್ದು ಯಾರು?" ಎಂದು ಕೇಳಿದ.

"ಗೊತ್ತಿಲ್ಲ."

ಅವನು ತಲೆಯಾಡಿಸಿ, ಪ್ಲಗ್ಗನ್ನು ಡಬ್ಬಿಗೆ ಮರಳಿ ಹಾಕಿ, ಬಕೆಟ್ಟಿಗೆ ತಂತಿ ಅಂಟಿಸಿ ಕೆಲಸಕ್ಕೆ ಹೊರಟುಹೋದ. ಮಾಂಸ ಪಕ್ಕದ ಮನೆಯ ಫ್ರೀಜರಿಗೆ ಹೋಯಿತು.

ಬುಲೆಲ್ವಾ ಅಲ್ಲೇ ನಿಂತಳು.

ಅವಳಿಗೆ ಗೊತ್ತಿತ್ತು.

ಶುಕ್ರವಾರ ಕುರಿ ಕಡಿದ ಮೇಲೆ ಹೆಂಗಸರು ಮಾಂಸ ಎಲ್ಲಿಡಲಿ ಎಂದು ಕೇಳಿದ್ದರು. ಮಣ್ಣಾಗುವವರೆಗೆ ವಿಧವೆ ಚಾಪೆಯಿಂದ ಏಳಬಾರದಿತ್ತು. ಆದರೂ ಅವಳು ಎದ್ದು ಬಂದಿದ್ದಳು. ಡಬ್ಬಿಯಿಂದ ಪ್ಲಗ್ ಕಿತ್ತು ಗೋಡೆಗೆ ಚುಚ್ಚಿದವಳು ಅವಳೇ. ಬಕೆಟ್ಟು ಕಣ್ಣಿಗೆ ಬಿದ್ದಿತ್ತು. ಬಿದ್ದೂ ಚುಚ್ಚಿದ್ದಳು. ಕೊನೆಗೂ ಇದು ಫ್ರೀಜರ್ ಆಯಿತು... ಎಂದು ಮನಸ್ಸು ಒಂದು ಗಳಿಗೆ ಹಗುರಾಗಿದ್ದೂ ನೆನಪಿದೆ.

ಮಕ್ಕಳಿರಲಿಲ್ಲ. ಮೊಂಡೆ ಶುರುಮಾಡಿ ಬಿಟ್ಟುಹೋದದ್ದರಲ್ಲಿ ಜೀವ ಇದ್ದದ್ದು ಈ ಬಕೆಟ್ಟಿನಲ್ಲಿ ಮಾತ್ರ.

ಅದನ್ನೂ ನಾನೇ ಕೊಂದೆನೇ?

* * *

ಆ ವಾರ ಸಮುದ್ರದ ಕಡೆಯಿಂದ ಗಾಳಿ ಬೀಸುತ್ತಲೇ ಇತ್ತು. ಮನೆಯ ತಗಡುಗಳು ಬಡಿದುಕೊಂಡವು. ಮಾಂಬೆಲೆಯ ಜೋಳದ ಗಂಜಿ ಹುಳಿ ಬರಲಿಲ್ಲ. ಕಂಬಳಿ ಹೊದಿಸಿದಳು, ಒಲೆಯ ಹತ್ತಿರ ಇಟ್ಟಳು, ಬೈದಳು. ಗಂಜಿ ಗಂಜಿಯಾಗಿಯೇ ಕೂತಿತ್ತು. ಸಲಿಕೆ ತೊಳೆಯುವ ದಿನ ಅಂಗಡಿಯ ಬಿಯರ್ ಕೊಟ್ಟರೆ ಬೀದಿಯ ಹೆಂಗಸರು ಅವಳ ಶವದ ಮುಂದೆಯೂ ಅದನ್ನೇ ಆಡಿಕೊಳ್ಳುತ್ತಾರೆ.

ಬುಧವಾರ ಸಂಜೆ ಝೋಲಿಲೆ ಬಂದ. ಮೊಂಡೆಯ ಬಕೆಟ್ಟಿನಲ್ಲಿ ಮಂಜು ಕರಗಿತ್ತು. ಕೊಳವೆಯ ನೀರು ಮಾತ್ರ ಅಲುಗಲಿಲ್ಲ. ಅವನು ಕಿವಿಯಿಟ್ಟು ಕೇಳಿದ. ಬಾಗಿಲ ಬಳಿ ನಿಂತ ಬುಲೆಲ್ವಾ ಅವನ ಬೆನ್ನನ್ನೇ ನೋಡುತ್ತಿದ್ದಳು. ಏನಾದರೂ ಹೇಳಲಿ... ಅವನು ಮುಚ್ಚಳ ಹಾಕಿ ಎದ್ದ.

ಅಡುಗೆಮನೆಯಲ್ಲಿ ಮಾಂಬೆಲೆಯ ಗೋಳು ಕೇಳಿದ ಮೇಲೆ ಅವನೊಂದು ಉಪಾಯ ಹೇಳಿದ. ಡಬ್ಬಿಗೆ ಪ್ಲಗ್ ಚುಚ್ಚುವ ಎರಡು ಬಾಯಿ ಇವೆ, ಒಂದು ತಣಿಸುವುದಕ್ಕೆ, ಇನ್ನೊಂದು ಬಿಸಿಗೆ. ಖಾಲಿ ಡಬರಿಯೊಳಗೆ ಬಲ್ಬು ಕೂರಿಸಿ ಒಳಗಿಟ್ಟರೆ ಫ್ರೀಜರ್ ಬೆಚ್ಚಗಿರುತ್ತದೆ. ಅಮ್ಮನ ಬಕೆಟ್ಟನ್ನೂ ಅಲ್ಲೇ ಇಡೋಣ.

"ಐಸ್ ಪೆಟ್ಟಿಗೇಲಿ ಬಿಸಿ ಮಾಡ್ತಾನಂತೆ," ಎಂದಳು ಮಾಂಬೆಲೆ. "ನಾಳೆ ಒಲೆ ಮೇಲೆ ಐಸ್ ಮಾಡಿಕೊಡು ಮಗನೇ, ಅದನ್ನೂ ನೋಡ್ಬಿಡ್ತೀನಿ."

"ನಿಮ್ಮ ಮಗ ಹಾಗೇ ಮಾಡ್ತಿದ್ದ ಅಮ್ಮ. ಚಳಿಗಾಲದಲ್ಲಿ."

ಮಾಂಬೆಲೆ ಬಕೆಟ್ಟಿನ ಹಿಡಿಯನ್ನು ತಾನೇ ಹಿಡಿದಳು.

ತಾಯಿಯ ಬಕೆಟ್ಟು ಮತ್ತು ಮಗನ ಬಕೆಟ್ಟು ಒಂದರ ಪಕ್ಕ ಒಂದು ಕೂತವು. ಝೋಲಿಲೆ ಮುಚ್ಚಳ ಹಾಕಿ, ಸುಮ್ಮಸುಮ್ಮನೆ ತೆರೆಯಬೇಡಿ ಎಂದು ಬೇಡಿಕೊಂಡು ಹೋದ.

ಶುಕ್ರವಾರ ಬೆಳಿಗ್ಗೆ ಬುಲೆಲ್ವಾ ಹಲ್ಲುಜ್ಜುತ್ತಿದ್ದಳು. ಬಚ್ಚಲಿನ ಗೋಡೆಯ ಆಚೆ ಗರಾಜು.

ಬುಳುಕ್.

ಅವಳ ಕೈ ನಿಂತಿತು.

ಬುಳುಕ್... ಬುಳುಕ್.

ಒಂದು ವರ್ಷ ಆ ಸದ್ದನ್ನು ಅವಳು ಶಪಿಸಿದ್ದಳು. ಈಗ ಬಾಯಿ ತೊಳೆಯದೆ ಓಡಿದಳು.

ಫ್ರೀಜರಿನ ಮುಚ್ಚಳ ತೆರೆದಿತ್ತು. ಮಾಂಬೆಲೆ ಸೌಟು ಹಿಡಿದು ನಿಂತಿದ್ದಳು. ಅವಳ ಬಕೆಟ್ಟಿನಲ್ಲಿ ಜೋಳದ ಬಿಯರ್ ಕೆಂಪು ನೊರೆ ಉಕ್ಕಿಸಿ ಸಿಡಿಯುತ್ತಿತ್ತು. ಪಕ್ಕದ ಬಿಳಿ ಬಕೆಟ್ಟಿನ ಅಂಚಿನಲ್ಲೂ ಅದೇ ಕೆಂಪು ಒಂದು ಗೆರೆಯಾಗಿ ಇಳಿದಿತ್ತು. ಅದರ ಕೊಳವೆಯಲ್ಲಿ ಗುಳ್ಳೆ ಏಳುತ್ತಿತ್ತು.

"ಅಮ್ಮಾ, ಏನು ಮಾಡಿದ್ರಿ?"

"ನಿನ್ನೆ ಒಂದು ಸೌಟು ಹಾಕಿದ್ದೆ. ಏನಾಯ್ತು ಅಂತ ನೋಡೋಕೆ ಬಂದೆ." ಮಾಂಬೆಲೆ ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನಂತೆ ಸೌಟನ್ನು ಬೆನ್ನ ಹಿಂದೆ ಮರೆಮಾಡಿದಳು. "ಅವನದು ನಿಂತುಹೋಗಿತ್ತು ಮಕೋಟಿ. ನಂದು ಓಡ್ತಾ ಇತ್ತು. ಸ್ವಲ್ಪ ಕೊಟ್ಟೆ."



ಫ್ರೀಜರಿನ ಅಂಚಿಗೆ ಹಣೆಯಿಟ್ಟು ಬುಲೆಲ್ವಾ ಕುಸಿದು ಕೂತಳು. ಅಳು ಬಂತು. ಮೊದಲು ಸದ್ದೇ ಬರಲಿಲ್ಲ, ಆಮೇಲೆ ನಿಲ್ಲಲಿಲ್ಲ. ಮಾಂಬೆಲೆ ಸೌಟನ್ನು ಕೆಳಗಿಟ್ಟು ಪಕ್ಕದಲ್ಲಿ ಕೂತಳು. ಸೊಸೆಯ ತಲೆವಸ್ತ್ರ ಜಾರಿದಾಗಲೆಲ್ಲ ಸರಿಮಾಡುತ್ತ ಕೂತಳು.

ಮರುದಿನ ವಿಷಯ ಕೇಳಿ ಝೋಲಿಲೆ ತಲೆಯ ಮೇಲೆ ಕೈ ಹೊತ್ತ. ಮೊಂಡೆ ಒಂದು ಚಮಚವನ್ನು ಮೂರು ಸಲ ಕುದಿಸಿ ತೊಳೆಯುತ್ತಿದ್ದವನು, ಹೊರಗಿನ ಒಂದು ಕಣ ಬಿದ್ದರೂ ಇಡೀ ಬಕೆಟ್ಟನ್ನು ಚೆಲ್ಲುತ್ತಿದ್ದವನು ಎಂದ. ಹೇಳುತ್ತ ಹೇಳುತ್ತ ಅವನಿಗೆ ನಗು ಬಂತು. ಕಣ್ಣೊರೆಸಿಕೊಂಡು ನಕ್ಕ. ಆ ಮನೆಯಲ್ಲಿ ಸಾವಿನ ನಂತರದ ಮೊದಲ ನಗು ಅದು.

ಸಲಿಕೆಗಳನ್ನು ತೊಳೆದರು. ಮಾಂಬೆಲೆಯ ಬಿಯರ್ ತಗಡಿನ ಪಾತ್ರೆಯಲ್ಲಿ ಕೈಯಿಂದ ಕೈಗೆ ಸುತ್ತಿತು. ಕುಡಿಯುವ ಮುನ್ನ ಹಿರಿಯನೊಬ್ಬ ಮೊಂಡೆಗೆಂದು ನೆಲಕ್ಕೆ ಒಂದಿಷ್ಟು ಹನಿಸಿದ. ಝೋಲಿಲೆ ತನ್ನ ಸಲಿಕೆಯನ್ನು ಎಲ್ಲರಿಗಿಂತ ಕೊನೆಯಲ್ಲಿ, ಬಹಳ ಹೊತ್ತು ತೊಳೆದ.

* * *

ಆಮೇಲೆ ಅವನು ಶನಿವಾರಗಳಲ್ಲಿ ಬರತೊಡಗಿದ. ಬಕೆಟ್ಟನ್ನು ನೋಡಲು.

ಕರಿ ಬಟ್ಟೆಯ ಹೆಂಗಸು ಗಂಡಸರ ಜೊತೆ ಕೂರುವಂತಿಲ್ಲ. ಅವಳು ಗರಾಜಿನ ಹೊಸ್ತಿಲಲ್ಲಿ, ಅವನು ಒಳಗೆ ಮಗುಚಿದ ಬಕೆಟ್ಟಿನ ಮೇಲೆ. ನಡುವೆ ಮಾಂಬೆಲೆ ಬೀನ್ಸ್ ಬಿಡಿಸುತ್ತ ಕೂತಿರುತ್ತಿದ್ದಳು. ಕಿವಿ ಮಂದವೆಂದು ಹೇಳಿಕೊಳ್ಳುತ್ತಿದ್ದಳು. ಬೇಕಾದ್ದೆಲ್ಲ ಅವಳಿಗೆ ಕೇಳಿಸುತ್ತಿತ್ತು.

ಝೋಲಿಲೆ ಕಾರಿನ ಕಾರ್ಖಾನೆಯಲ್ಲಿ ಬಣ್ಣ ಪರೀಕ್ಷಿಸುವವನು, ಭಾನುವಾರ ಚರ್ಚಿನಲ್ಲಿ ದಪ್ಪ ದನಿಯಲ್ಲಿ ಹಾಡುವವನು, ಒಬ್ಬನೇ ಇರುವವನು. ಇಷ್ಟು ತಿಳಿಯಲು ಅವಳಿಗೆ ಬಹಳ ಶನಿವಾರಗಳು ಬೇಕಾದವು. ಹೆಚ್ಚಾಗಿ ಅವರು ಮೊಂಡೆಯ ಬಗ್ಗೆಯೇ ಮಾತಾಡುತ್ತಿದ್ದರು.

ಒಂದು ದಿನ ಮಾಂಬೆಲೆ ನೀರು ತರಲು ಎದ್ದುಹೋದಾಗ ಬುಲೆಲ್ವಾ ಥಟ್ಟನೆ ಹೇಳಿದಳು.

"ಪ್ಲಗ್ ಕಿತ್ತಿದ್ದು ನಾನು."

ಅವನು ತಲೆಯೆತ್ತಿದ.

"ಒಳಗೆ ಬಕೆಟ್ ಇದೆ ಅಂತ ಗೊತ್ತಿತ್ತು. ಗೊತ್ತಿದ್ದೇ ಕಿತ್ತೆ. ಕೊನೇ ದಿನ ಬೆಳಿಗ್ಗೆ ಇದರ ಬಗ್ಗೆಯೇ ಜಗಳ ಆಗಿತ್ತು. ಹೊರಡುವಾಗ ಬರ್ತೀನಿ ಅಂದ. ನಾನು ಹೂಂ ಅನ್ನಲಿಲ್ಲ..." ಅವಳ ದನಿ ಸಣ್ಣದಾಯಿತು. "ಅವನಿಗೆ ಈ ಮನೆಯಲ್ಲಿರೋದು ಬೇಡವಾಗಿತ್ತು. ಅದಕ್ಕೇ ಶನಿವಾರ ನಿಮ್ಮ ಹತ್ರ ಓಡಿ ಬರ್ತಿದ್ದ. ಅಲ್ವಾ?"

ಝೋಲಿಲೆ ಡಬ್ಬಿಯ ದೀಪದ ಕಡೆ ತಿರುಗಿದ.

"ನನ್ನ ಮನೆಗೆ ಬಂದು ಏನು ಮಾಡ್ತಿದ್ದ ಗೊತ್ತಾ? ಬುಲೆಲ್ವಾಗೆ ಕಹಿ ಸೇರಲ್ಲ, ಇದು ಕಮ್ಮಿ ಮಾಡು. ಬುಲೆಲ್ವಾ ಶುಂಠಿ ಪಾನಕ ಇಷ್ಟಪಡ್ತಾಳೆ, ಶುಂಠಿ ಹಾಕಿದ್ರೆ ಹೇಗೆ. ಬಿಯರ್ ಕುದಿಯೋವಷ್ಟು ಹೊತ್ತೂ ಅದೇ. ಸಂಜೆ ಆಗೋ ಮುಂಚೆ, ಬುಲೆಲ್ವಾ ಕಾಯ್ತಿರ್ತಾಳೆ ಅಂತ ಅರ್ಧಕ್ಕೇ ಎದ್ದು ಹೋಗೋನು. ಪಾತ್ರೆ ಎಲ್ಲ ನಾನು ತೊಳೀಬೇಕು." ಅವನು ಸಣ್ಣಗೆ ನಕ್ಕ. "ನಿಜ ಹೇಳ್ಲಾ? ನಿಮ್ಮ ಮುಖ ನೋಡೋ ಮುಂಚೆಯೇ ನನಗೆ ನಿಮ್ಮ ಮೇಲೆ ಕೋಪ ಇತ್ತು."

"ನನಗೂ," ಎಂದಳು ಬುಲೆಲ್ವಾ. "ನಿಮ್ಮ ಮೇಲೆ."

ಇಬ್ಬರೂ ತಲೆ ತಗ್ಗಿಸಿದರು. ಅತ್ತಕಡೆ ಮಾಂಬೆಲೆ ನಲ್ಲಿಯ ಬಳಿ ಬೇಕೆಂದೇ ತಡಮಾಡುತ್ತಿದ್ದಳು.

ಬಿಯರ್ ಹಣ್ಣಾದ ದಿನ ಬುಲೆಲ್ವಾ ಮೊದಲ ಬಾರಿಗೆ ಗಂಡನ ಕೈಯದನ್ನು ಕುಡಿದಳು. ಮೊದಲು ಹುಳಿ, ಅದು ಅತ್ತೆಯದು. ಆಮೇಲೆ ಗಂಟಲಿನಲ್ಲಿ ಶುಂಠಿ ನಿಧಾನವಾಗಿ ಸುಟ್ಟಿತು. ಇಷ್ಟವಾಯಿತು ಎಂದು ಹೇಳಲು ಪಕ್ಕಕ್ಕೆ ತಿರುಗಿದಳು... ಕೇಳಬೇಕಾದವನು ಅಲ್ಲಿರಲಿಲ್ಲ.

ಝೋಲಿಲೆ ಲೋಟವನ್ನು ಇಳಿಸಿಟ್ಟು ಹೊರಗೆ ಹೋಗಿ ನಿಂತ. ಅವಳನ್ನು ಅವಳಷ್ಟಕ್ಕೇ ಬಿಟ್ಟ. ಅವನು ಬಿಟ್ಟದ್ದು ಅವಳಿಗೆ ತಿಳಿಯಿತು. ತಿಳಿದಾಗ ಎದೆಯಲ್ಲಿ ಏನೋ ಅಲುಗಿತು. ಅವಳಿಗೆ ಭಯವಾಯಿತು.

ಮುಂದಿನ ಶನಿವಾರ ಅವನು ಬರಲಿಲ್ಲ.

ಅದರ ಮುಂದಿನ ಶನಿವಾರವೂ ಇಲ್ಲ.

ಬಕೆಟ್ ಖಾಲಿಯಾಯಿತು, ಅವನ ಕೆಲಸವೂ ಮುಗಿಯಿತು ಎಂದುಕೊಂಡಳು. ಡಬ್ಬಿ ತೆಗೆದುಕೊಂಡು ಹೋಗು ಎಂದು ಪಕ್ಕದ ಮನೆಯವರ ಕೈಲಿ ಅವನಿಗೆ ಹೇಳಿಕಳಿಸಿದಳು. ಅಲ್ಲೇ ಇರಲಿ, ಅವಸರವಿಲ್ಲ ಎಂದು ಉತ್ತರ ಬಂತು. ಅಷ್ಟೇ.

ಅವಸರವಿಲ್ಲವಂತೆ! ಬರುವಷ್ಟು ಮನಸ್ಸೂ ಇಲ್ಲ ಎಂದರೆ ಆಗುತ್ತಿತ್ತು... ಗಂಡನ ಗೆಳೆಯನ ದಾರಿ ಕಾಯುವ ಹೆಂಗಸು ನಾನು, ಮೈಮೇಲೆ ಕರಿ ಬಟ್ಟೆ ಹೊತ್ತು... ನಾಚಿಕೆಯಿಂದ ಅವಳು ಗರಾಜಿಗೆ ಬೀಗ ಹಾಕಿದಳು. ತಾನು ಟೀಚರಾಗಿದ್ದ ಶಾಲೆಗೆ ಮರಳಿ ಭೂಗೋಳ ಕಲಿಸಿದಳು. ಮಕ್ಕಳು ಅವಳನ್ನು ಕಂಡರೆ ದನಿ ತಗ್ಗಿಸುತ್ತಿದ್ದರು.

* * *

ವರ್ಷ ತುಂಬಿತು. ಕರಿ ಬಟ್ಟೆ ತೆಗೆಯುವ ದಿನಕ್ಕೆ ಜೋಳದ ಬಿಯರನ್ನು ತಾನೇ ಮಾಡುತ್ತೇನೆಂದು ಬುಲೆಲ್ವಾ ಹಟ ಹಿಡಿದಳು. ಗರಾಜಿನ ಬೀಗ ತೆಗೆದು, ಬಲ್ಬು ಹೊತ್ತಿಸಿ, ತಂತಿಯನ್ನು ಬಕೆಟ್ಟಿಗೆ ಅಂಟಿಸಿದಳು. ಮಾಂಬೆಲೆ ರುಚಿ ನೋಡಿ, ನೀರು ಜಾಸ್ತಿಯಾಯಿತು ಎಂದು ಬೈದು, ಎರಡು ಲೋಟ ಕುಡಿದಳು.

ಮುಂಜಾನೆ ಹಿತ್ತಲಲ್ಲಿ ಕರಿ ಬಟ್ಟೆ ಸುಟ್ಟರು. ಅತ್ತೆ ತನ್ನ ಕೈಯಾರೆ ಕಿತ್ತಳೆ ಬಣ್ಣದ ಹೊಸ ಉಡುಪನ್ನು ಸೊಸೆಗೆ ತೊಡಿಸಿದಳು. ಉಡುಪಿನ ಬೆನ್ನ ಗುಂಡಿ ಹಾಕುತ್ತ, ಅವಳ ಮುಖ ತನಗೆ ಕಾಣದ ಆ ಹೊತ್ತಿನಲ್ಲಿ, ಹೇಳಿದಳು.

"ಆ ಹುಡುಗನಿಗೆ ಬರಬೇಡ ಅಂದಿದ್ದು ನಾನು."

ಮಾಂಬೆಲೆ ಮುಂದಿನ ಗುಂಡಿಗೆ ಕೈ ಹಾಕಿದಳು.

"ಬೀದಿ ಬಾಯಿ ಬಿಡೋಕೆ ಶುರುಮಾಡಿತ್ತು. ನೀನು ಕರಿ ಬಟ್ಟೇಲಿದ್ದೆ. ಅವನ ಮುಖದಲ್ಲಿ ಇದ್ದಿದ್ದು ನನಗೆ ಕಾಣ್ತಿತ್ತು, ನಿನ್ನ ಮುಖದ್ದೂ ಕಾಣ್ತಿತ್ತು. ಅವಳ ಬಟ್ಟೆ ಇಳಿಯೋವರೆಗೂ ಈ ಕಡೆ ಕಾಲಿಡಬೇಡ ಅಂದೆ. ಒಂದು ಮಾತು ಎದುರಾಡಲಿಲ್ಲ ಅವನು. ಸರಿ ಅಮ್ಮ ಅಂತ ಹೋದ." ಗುಂಡಿ ಹಾಕಿದ ಕೈಗಳು ಬೆನ್ನ ಮೇಲೆಯೇ ನಿಂತವು. "ನನ್ನ ಮಗನ್ನ ಮರೆತುಬಿಡ್ತೀಯೇನೋ ಅಂತ ಹೆದರಿಕೆಯೂ ಇತ್ತು, ಸುಳ್ಳು ಯಾಕೆ ಹೇಳಲಿ."

"ಮರೆಯಲ್ಲಮ್ಮ."

"ಗೊತ್ತು. ಈಗ ಗೊತ್ತು."

ಮಧ್ಯಾಹ್ನ ನೆಂಟರು ಚದುರಿದ ಮೇಲೆ ಬುಲೆಲ್ವಾ ಗರಾಜಿಗೆ ಹೋದಳು. ಡಬ್ಬಿಯನ್ನು ಮೊಳೆಯಿಂದ ಬಿಡಿಸಿದಳು. ಮೊಂಡೆ ಸುತ್ತಿದ್ದ ಟೇಪಿನ ತುಣುಕನ್ನು ತಂತಿಯ ಮೇಲೆ ಹಾಗೆಯೇ ಬಿಟ್ಟಳು. ಫ್ರೀಜರಿನ ಪ್ಲಗ್ಗನ್ನು ಗೋಡೆಗೆ ಹಾಕಿದಳು. ಪೆಟ್ಟಿಗೆ ಗುರ್ರೆಂದಿತು. ಅಂದಿನ ಊಟಕ್ಕೆ ಕಡಿದು ಉಳಿದ ಮಾಂಸವನ್ನು ಒಂದೊಂದಾಗಿ ಒಳಗೆ ಜೋಡಿಸಿದಳು.

ಝೋಲಿಲೆಯ ಮನೆಗೆ ಅವಳು ಹೋದದ್ದು ಅದೇ ಮೊದಲು. ಅವನು ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದ. ಕಿತ್ತಳೆ ಬಣ್ಣವನ್ನು ಕಂಡು ಎದ್ದು ನಿಂತ. ಕೈಯಿಂದ ನೊರೆ ತೊಟ್ಟಿಕ್ಕುತ್ತಿತ್ತು.

ಅವಳು ಡಬ್ಬಿಯನ್ನು ಮುಂದೆ ಚಾಚಿದಳು.

"ಮೊಂಡೆ ತಗೊಂಡಿದ್ದು."

"ನಾನು ವಾಪಸ್ ಕೇಳಿರಲಿಲ್ಲ."

"ಗೊತ್ತು. ಅತ್ತೆ ಎಲ್ಲ ಹೇಳಿದ್ರು." ಅವಳು ಉಸಿರೆಳೆದುಕೊಂಡಳು. "ಇದು ನಮ್ಮ ಮನೇಲಿದ್ರೆ ನಿನಗೆ ಬರೋಕೆ ಒಂದು ನೆಪ. ನನಗೆ ಕರೆಯೋಕೆ ಒಂದು ನೆಪ. ಅವನ ಸಾಮಾನು ಅಡ್ಡ ಇಟ್ಟುಕೊಂಡು ನಿನ್ನ ನೋಡೋದು ನನಗೆ ಬೇಡ ಝೋಲಿಲೆ. ಇನ್ನೊಂದು ಸಲ ಬಂದ್ರೆ ಬರೀ ಕೈಲಿ ಬರ್ತೀನಿ."

ಅವನು ಕೈಯನ್ನು ಅಂಗಿಗೆ ಒರೆಸಿಕೊಂಡ. ಒರೆಸುತ್ತಲೇ ಇದ್ದ.

"ನನಗೂ ಅವನು ದಿನಾ ನೆನಪಾಗ್ತಾನೆ," ಎಂದ. "ಅದು ಹೋಗುತ್ತೆ ಅಂತ ನಾನು ಕಾದಿಲ್ಲ. ನಿನಗೂ ಹೋಗಬೇಕು ಅಂತ ಕೇಳಲ್ಲ." ಮೆಲ್ಲಗೆ ಕೇಳಿದ. "ಯಾವಾಗ ಬರ್ತೀಯಾ? ಶನಿವಾರ?"

"ಶನಿವಾರ ಬೇಡ." ಅವಳ ಕಣ್ಣು ತುಂಬಿತು. "ಶನಿವಾರ ಮೊಂಡೆದು."

"ಭಾನುವಾರ?"

"ಅತ್ತೇನ ಚರ್ಚಿಗೆ ಕರ್ಕೊಂಡು ಹೋಗ್ಬೇಕು."

ಅವನು ಕಾದ.

"ಮಂಗಳವಾರ," ಎಂದಳು ಬುಲೆಲ್ವಾ. "ಮಂಗಳವಾರ ಯಾರದ್ದೂ ಅಲ್ಲ."

ಅವನು ಎರಡೂ ಕೈ ಚಾಚಿದ. ಅವಳು ಡಬ್ಬಿಯನ್ನು ಅದರೊಳಗೆ ಇಟ್ಟು, ತಂತಿ ಜಾರದಂತೆ ಒಮ್ಮೆ ಸುತ್ತಿ, ಬಿಟ್ಟಳು.